ಹೇಳೋಕೆ ನೀನ್ಯಾರು? ಅಮೆರಿಕದ ಕೋವಿಡ್ ಜಗಳ ಮತ್ತು ಅರ್ಧ ಇತಿಹಾಸ

“ಜಾರ್ಜ್ ವಾಷಿಂಗ್ಟನ್ 1777ರಲ್ಲೇ ತಮ್ಮ ಸೈನಿಕರಿಗೆ ಲಸಿಕೆ ಕಡ್ಡಾಯ ಮಾಡಿದ್ದರು, ಗೊತ್ತಾ?” 2021ರಲ್ಲಿ ಅಮೆರಿಕದವರ ಕೋವಿಡ್ ಜಗಳವನ್ನು ಇಣುಕಿ ನೋಡಿದವರಿಗೆಲ್ಲ ಈ ಸಾಲು ಎಲ್ಲಾದರೂ ಸಿಕ್ಕಿರುತ್ತದೆ. ಲಸಿಕೆಯ ಪರ ಇದ್ದವರು ಇದನ್ನು ತುರುಪಿನ ಎಲೆಯ ಹಾಗೆ ಇಳಿಸುತ್ತಿದ್ದರು. ದೇಶ ಕಟ್ಟಿದವರೇ ಮಾಡಿದ್ದಾರೆ, ಇನ್ನೇನು ಮಾತು ಅನ್ನುವ ಧಾಟಿ. ಡಾಲಸ್‌ನಲ್ಲಿರುವ ನಮ್ಮ ಸೋದರತ್ತೆಯ ಮಗ ಲಸಿಕೆ ಕಡ್ಡಾಯದ ವಿರುದ್ಧ ಕೂಗಾಡುತ್ತಿದ್ದ. ನಾನೂ ಅವನ ಮುಂದೆ ಇದೇ ಎಲೆ ಇಳಿಸಿದೆ. ಅವನು ತಣ್ಣಗೆ, “ಲಸಿಕೆ ಬಂದಿದ್ದೇ 1796ರಲ್ಲಿ ಅಲ್ವಾ ಭಾವ, ವಾಷಿಂಗ್ಟನ್ ಎಲ್ಲಿಂದ ತಂದ್ರು?” ಅಂದ. ನನ್ನ ಬಾಯಿ ಬಂದ್.

ಅವನು ಹೇಳಿದ್ದು ಸರಿ. ನಾನು ಹೇಳಿದ್ದೂ ಪೂರ್ತಿ ತಪ್ಪಲ್ಲ. ಅಂದಿನಿಂದ ನನಗೊಂದು ಚಟ ಹತ್ತಿಕೊಂಡಿತು. ಅಮೆರಿಕದವರು ಸಾಂಕ್ರಾಮಿಕದ ಜಗಳಕ್ಕೆ ತಮ್ಮ ಇತಿಹಾಸದಿಂದ ಯಾವ ತುಂಡು ಎಳೆದು ತಂದರೂ ಅದರ ಇನ್ನರ್ಧ ಎಲ್ಲಿದೆ ಎಂದು ಹುಡುಕುವುದು. ಬಹಳ ಸಲ ಆ ಇನ್ನರ್ಧ ಎದುರು ಪಕ್ಷದವರ ಜೇಬಿನಲ್ಲೇ ಇರುತ್ತದೆ.

ವಾಷಿಂಗ್ಟನ್ ಮಾಡಿಸಿದ್ದು ಲಸಿಕೆಗೂ ಹಿಂದಿನ ಪದ್ಧತಿ. ಸಿಡುಬು ಬಂದವರ ಗುಳ್ಳೆಯಿಂದ ಕೀವು ತೆಗೆದು, ಆರೋಗ್ಯವಾಗಿರುವವರ ತೋಳಿನಲ್ಲಿ ಸಣ್ಣದಾಗಿ ಕೊಯ್ದು ಅಲ್ಲಿ ಸೇರಿಸುವುದು. ಅಂದರೆ ಬರುವುದು ನಿಜವಾದ ಸಿಡುಬೇ, ಸ್ವಲ್ಪ ಮೆತ್ತಗೆ ಬರುತ್ತದೆ ಅಷ್ಟೆ. ನೂರಕ್ಕೆ ಒಬ್ಬರೋ ಇಬ್ಬರೋ ಅದರಿಂದಲೇ ಸಾಯುತ್ತಿದ್ದರು. ಹಾಕಿಸಿಕೊಂಡವರು ವಾಸಿಯಾಗುವ ತನಕ ಬೇರೆಯವರಿಗೆ ರೋಗ ಅಂಟಿಸಬಲ್ಲವರಾಗಿದ್ದರು. ನಮ್ಮ ಅಜ್ಜಿ ಕಾಲದವರು ದಾಕು ಹಾಕಿಸೋದು ಅನ್ನುತ್ತಿದ್ದರಲ್ಲ, ಆ ದಾಕು ಇದಲ್ಲ. ಅದು ಹಸುವಿನ ಸಿಡುಬಿನಿಂದ ಹುಟ್ಟಿದ, ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಕಂಡುಕೊಂಡ ಲಸಿಕೆ.

ವಾಷಿಂಗ್ಟನ್‌ಗೆ 1751ರಲ್ಲಿ ಬಾರ್ಬಡೋಸ್‌ನಲ್ಲಿ ಸಿಡುಬು ಬಂದು ಹೋಗಿತ್ತು, ಆ ಸಂಕಟ ಅವರಿಗೆ ಗೊತ್ತಿತ್ತು. ಕೆನಡಾದ ಕ್ವಿಬೆಕ್ ಗೆಲ್ಲಲು ಹೊರಟ ಅಮೆರಿಕದ ಸೈನ್ಯ 1776ರಲ್ಲಿ ಸಿಡುಬಿನಿಂದಲೇ ಸೊರಗಿ ವಾಪಸ್ ಬಂದಿತ್ತು. 1777ರ ಫೆಬ್ರವರಿಯಲ್ಲಿ ಅವರು ಸೈನ್ಯದ ವೈದ್ಯ ವಿಲಿಯಂ ಶಿಪ್ಪೆನ್‌ಗೆ ಪತ್ರ ಬರೆದರು. ಈ ರೋಗ ಹಬ್ಬಿದರೆ ಶತ್ರುವಿನ ಕತ್ತಿಗಿಂತ ಇದಕ್ಕೇ ಹೆಚ್ಚು ಹೆದರಬೇಕಾದೀತು ಎನ್ನುವುದು ಅದರ ಸಾರ. ಆಮೇಲೆ ಗುಟ್ಟಾಗಿ ಕೆಲಸ ನಡೆಯಿತು, ಏಕೆಂದರೆ ಅರ್ಧ ಸೈನ್ಯ ಜ್ವರದಲ್ಲಿ ಮಲಗಿದೆ ಎಂದು ಬ್ರಿಟಿಷರಿಗೆ ಗೊತ್ತಾದರೆ ಕಥೆ ಮುಗಿದ ಹಾಗೆ.

ಹಾಗಾದರೆ ಲಸಿಕೆ ಪರದವರೇ ಗೆದ್ದರಾ? ಇಲ್ಲ. ಸೈನಿಕರಿಗೆ ಆಜ್ಞೆ ಮಾಡುವುದು ಬೇರೆ, ಊರಿನವರಿಗೆ ಮಾಡುವುದು ಬೇರೆ. ಆ ಕಾಲದಲ್ಲಿ ಊರಿನವರ ಮೇಲೆ ಬಿದ್ದ ಕಾನೂನುಗಳು ಹೆಚ್ಚಾಗಿ ಈ ಚುಚ್ಚುವಿಕೆಯನ್ನು ತಡೆಯುವಂಥವು, ಇಲ್ಲವೇ ಇಂತಲ್ಲಿ ಮಾತ್ರ ಮಾಡಿ ಎನ್ನುವಂಥವು. ವರ್ಜೀನಿಯಾದ ನಾರ್ಫೋಕ್‌ನಲ್ಲಿ 1768ರಲ್ಲಿ ಕೆಲವರು ಮನೆಯವರಿಗೆ ಹೀಗೆ ಹಾಕಿಸಲು ಹೊರಟಾಗ, ನಮಗೂ ರೋಗ ಹಬ್ಬಿಸುತ್ತೀರಾ ಎಂದು ಜನ ಗಲಾಟೆಯನ್ನೇ ಎಬ್ಬಿಸಿದರು. ಹಾಗಾಗಿ ‘ದೇಶ ಕಟ್ಟಿದವರ ಕಾಲದಲ್ಲಿ’ ಎಂದು ಶುರುವಾಗುವ ಯಾವ ವಾದವನ್ನೂ ನಾನೀಗ ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ.

ಇನ್ನೂ ಹಿಂದಕ್ಕೆ ಹೋದರೆ ಮಜಾ ಜಾಸ್ತಿ. 1721ರ ಬಾಸ್ಟನ್. ಸಿಡುಬು ಊರು ಹೊಕ್ಕಿತ್ತು. ಪಾದ್ರಿ ಕಾಟನ್ ಮೇದರ್ ಎಂಬಾತ ಈ ಕೀವು ಚುಚ್ಚುವ ಉಪಾಯ ಹೇಳಿದ. ಅವನಿಗೆ ಅದನ್ನು ಹೇಳಿಕೊಟ್ಟವನು ಒನೆಸಿಮಸ್. ಆಫ್ರಿಕಾದಿಂದ ತಂದು ಮೇದರ್ ಮನೆಯಲ್ಲಿ ಗುಲಾಮನಾಗಿ ಇಟ್ಟುಕೊಂಡಿದ್ದ ಮನುಷ್ಯ. ನಮ್ಮ ಕಡೆ ಇದನ್ನು ಮಾಡುತ್ತಾರೆ, ನನಗೂ ಮಾಡಿದ್ದಾರೆ ಎಂದು ಅವನೇ ಹೇಳಿದ್ದ. ಊರಿಗೆ ಊರೇ ಸಿಟ್ಟಾಯಿತು. ಮೇದರ್ ಮನೆಗೆ ರಾತ್ರಿ ಬಾಂಬ್ ಎಸೆದರು, ಪುಣ್ಯಕ್ಕೆ ಸಿಡಿಯಲಿಲ್ಲ. ವಿರೋಧಿಗಳ ಮುಂದಾಳು ವಿಲಿಯಂ ಡಗ್ಲಸ್, ಬಾಸ್ಟನ್‌ನಲ್ಲಿ ವೈದ್ಯಕೀಯ ಪದವಿ ಇದ್ದ ಒಬ್ಬನೇ ವೈದ್ಯ. ಚುಚ್ಚುವ ಕೆಲಸಕ್ಕೆ ಇಳಿದ ಜ್ಯಾಬ್ಡಿಯಲ್ ಬಾಯ್ಲ್‌ಸ್ಟನ್‌ಗೆ ಪದವಿಯೇ ಇರಲಿಲ್ಲ. ಕೊನೆಗೆ ಲೆಕ್ಕ ಹಾಕಿದಾಗ, ಚುಚ್ಚಿಸಿಕೊಂಡ ಸುಮಾರು 240 ಜನರಲ್ಲಿ 6 ಜನ ಸತ್ತಿದ್ದರು. ತಾನಾಗಿ ರೋಗ ಬಂದ ಸುಮಾರು 5,900 ಜನರಲ್ಲಿ 844 ಜನ ಸತ್ತಿದ್ದರು.

2021ರಲ್ಲಿ ‘ತಜ್ಞರನ್ನು ನಂಬಿ’ ಎನ್ನುತ್ತಿದ್ದವರೂ ‘ಸ್ವಂತ ಬುದ್ಧಿ ಓಡಿಸಿ’ ಎನ್ನುತ್ತಿದ್ದವರೂ ಈ ಕಥೆಯನ್ನು ಬಳಸಬಹುದು. ಇಬ್ಬರಿಗೂ ಇದು ಅರ್ಧ ದಾರಿಯಲ್ಲಿ ಕೈ ಕೊಡುತ್ತದೆ. ಅಂದು ತಜ್ಞ ತಪ್ಪಿದ್ದ, ನಿಜ. ಆದರೆ ಗೆದ್ದದ್ದು ಊರಿನವರ ಸ್ವಂತ ಬುದ್ಧಿಯೂ ಅಲ್ಲ, ಎಣಿಸಿ ಬರೆದಿಟ್ಟ ಲೆಕ್ಕ. ಮುಂದೆ ದೇಶ ಕಟ್ಟಿದವರಲ್ಲಿ ಒಬ್ಬನಾದ ಬೆಂಜಮಿನ್ ಫ್ರ್ಯಾಂಕ್ಲಿನ್ ಅಣ್ಣನ ಪತ್ರಿಕೆ ಆಗ ಈ ಪದ್ಧತಿಯನ್ನು ಹೀಗಳೆದು ಬರೆಯುತ್ತಿತ್ತು, ಹುಡುಗ ಬೆಂಜಮಿನ್ ಅಲ್ಲೇ ಕೆಲಸಕ್ಕಿದ್ದ. 1736ರಲ್ಲಿ ಅವನ ನಾಲ್ಕು ವರ್ಷದ ಮಗ ಸಿಡುಬಿನಿಂದ ತೀರಿಕೊಂಡ. ಚುಚ್ಚಿಸಿರಲಿಲ್ಲ. ಆ ನೋವು ಜೀವನಪೂರ್ತಿ ಹೋಗಲಿಲ್ಲ ಎಂದು ಫ್ರ್ಯಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಈಗ ನಿಜವಾದ ಗಂಟಿಗೆ ಬರೋಣ. ಡಾಲಸ್‌ನ ಹುಡುಗನ ಜೊತೆ ಆರು ತಿಂಗಳು ಜಗಳ ಆಡಿದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಅವನು 2021ರ ಏಪ್ರಿಲ್‌ನಲ್ಲೇ ಎರಡೂ ಡೋಸ್ ಹಾಕಿಸಿಕೊಂಡಿದ್ದ! ಮತ್ತೇನಪ್ಪಾ ನಿನ್ನ ಗೋಳು ಅಂದೆ. “ನಾನಾಗಿ ಹಾಕಿಸ್ಕೊಂಡೆ ಭಾವ. ಹಾಕಿಸ್ಕೋ ಇಲ್ಲ ಕೆಲಸ ಬಿಡು ಅನ್ನೋಕೆ ವಾಷಿಂಗ್ಟನ್‌ನಲ್ಲಿ ಕೂತವರು ಯಾರು?” ಇಲ್ಲಿ ವಾಷಿಂಗ್ಟನ್ ಅಂದರೆ ಊರು, ಮನುಷ್ಯ ಅಲ್ಲ. ನಾನು ಅಷ್ಟು ದಿನ ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ವಾದಿಸುತ್ತಿದ್ದೆ. ಅವನು ಹೇಳುವ ಹಕ್ಕು ಯಾರಿಗಿದೆ ಎಂದು ವಾದಿಸುತ್ತಿದ್ದ. ಅಮೆರಿಕದ ಜಗಳಗಳಲ್ಲಿ ಹೆಚ್ಚಿನವು ಇದೇ ಥರ, ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. 2020ರ ಮಾರ್ಚ್ 24ರ ರಾತ್ರಿ 8ಕ್ಕೆ ಪ್ರಧಾನಿ ಟೀವಿಗೆ ಬಂದರು, ನಾಲ್ಕು ಗಂಟೆಯಲ್ಲಿ ಇಡೀ ದೇಶ ಬಾಗಿಲು ಹಾಕಿತು. ಅಮೆರಿಕದ ಅಧ್ಯಕ್ಷರು ಹಾಗೆ ಮಾಡುವಂತಿಲ್ಲ. ಏಪ್ರಿಲ್ 13ರಂದು ಟ್ರಂಪ್, ಅಧ್ಯಕ್ಷನಾದವನಿಗೆ ಪೂರ್ತಿ ಅಧಿಕಾರ ಇದೆ ಎಂದು ಹೇಳಿಬಿಟ್ಟರು. ಗವರ್ನರ್‌ಗಳು, ಅಂದರೆ ಅಲ್ಲಿ ನಮ್ಮ ಮುಖ್ಯಮಂತ್ರಿಗಳ ಹಾಗೆ ರಾಜ್ಯ ಆಳುವವರು, ಪಕ್ಷಭೇದ ಇಲ್ಲದೆ ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಅವರು ನಿರ್ಧಾರವನ್ನು ಗವರ್ನರ್‌ಗಳಿಗೇ ಬಿಟ್ಟರು. ಜನರ ಆರೋಗ್ಯ, ಸುರಕ್ಷತೆಗೆ ನಿಯಮ ಮಾಡುವ ಅಧಿಕಾರ ಅಲ್ಲಿ ಮೂಲದಲ್ಲಿ ರಾಜ್ಯಗಳದ್ದು. ಅದಕ್ಕೆ ಪೊಲೀಸ್ ಪವರ್ ಅನ್ನುತ್ತಾರೆ, ಲಾಠಿಗೂ ಅದಕ್ಕೂ ಸಂಬಂಧ ಇಲ್ಲ.

ಈ ಮಾತಿಗೆ ಎಲ್ಲರೂ ಎಳೆದು ತರುವ ತೀರ್ಪು ಜೇಕಬ್‌ಸನ್ ಪ್ರಕರಣದ್ದು, 1905ನೇ ಇಸವಿ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಎಂಬ ಊರು 1902ರಲ್ಲಿ ಸಿಡುಬು ಹಬ್ಬಿದಾಗ ಎಲ್ಲರೂ ಲಸಿಕೆ ಹಾಕಿಸಿಕೊಳ್ಳಬೇಕು ಎಂದಿತು. ಹೆನಿಂಗ್ ಜೇಕಬ್‌ಸನ್ ಎಂಬ ಪಾದ್ರಿ ಒಲ್ಲೆ ಅಂದ. ಚಿಕ್ಕವನಿದ್ದಾಗ ಸ್ವೀಡನ್‌ನಲ್ಲಿ ಲಸಿಕೆ ಹಾಕಿಸಿ ತೀರಾ ಕಷ್ಟಪಟ್ಟಿದ್ದ, ಮಗನಿಗೂ ಹಾಗೇ ಆಗಿತ್ತು ಅನ್ನುವುದು ಅವನ ವಾದ. ಸುಪ್ರೀಂ ಕೋರ್ಟ್ 7–2ರಲ್ಲಿ ರಾಜ್ಯದ ಪರ ನಿಂತಿತು. ಸ್ವಾತಂತ್ರ್ಯ ಅಂದರೆ ಎಲ್ಲ ಕಾಲಕ್ಕೂ, ಎಲ್ಲ ಸಂದರ್ಭದಲ್ಲೂ ಯಾವ ತಡೆಯೂ ಇಲ್ಲದೆ ಇರುವುದಲ್ಲ ಎಂದು ನ್ಯಾಯಮೂರ್ತಿ ಹಾರ್ಲನ್ ಬರೆದರು.

ಲಸಿಕೆ ಪರದವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಓದಿದರೆ ಮೂರು ಸಂಗತಿ ಕಾಣುತ್ತವೆ. ಜೇಕಬ್‌ಸನ್‌ನನ್ನು ಹಿಡಿದು ಯಾರೂ ಚುಚ್ಚಲಿಲ್ಲ, ಶಿಕ್ಷೆ 5 ಡಾಲರ್ ದಂಡ ಅಷ್ಟೆ, ಇವತ್ತಿನ ಲೆಕ್ಕದಲ್ಲಿ 150 ಡಾಲರ್‌ಗೂ ಮೇಲೆ. ಎರಡನೆಯದು, ತೀರಾ ಮನಸೋಇಚ್ಛೆ ಮಾಡಿದರೆ ಕೋರ್ಟು ಅಡ್ಡ ಬರುತ್ತದೆ ಎಂದು ಹಾರ್ಲನ್ ಅದೇ ತೀರ್ಪಿನಲ್ಲಿ ಎಚ್ಚರಿಸಿದ್ದಾರೆ. ಮೂರನೆಯದು ಮುಖ್ಯ. ಇದು ಒಂದು ರಾಜ್ಯ ತನ್ನ ಊರಿಗೆ ಕೊಟ್ಟ ಅಧಿಕಾರದ ಪ್ರಶ್ನೆ, ಕೇಂದ್ರ ಸರ್ಕಾರದ ಸುದ್ದಿಯೇ ಇದರಲ್ಲಿಲ್ಲ.

ಮತ್ತೆ ಇದಕ್ಕೊಂದು ಕೆಟ್ಟ ಬಾಲ ಇದೆ. 1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಬಡ ಹುಡುಗಿಗೆ ಬುದ್ಧಿ ಕಡಿಮೆ ಎಂದು ಹಣೆಪಟ್ಟಿ ಹಚ್ಚಿ, ಮಕ್ಕಳಾಗದಂತೆ ಆಪರೇಷನ್ ಮಾಡಲು ಸುಪ್ರೀಂ ಕೋರ್ಟ್ 8–1ರಲ್ಲಿ ಒಪ್ಪಿಗೆ ಕೊಟ್ಟಿತು. ನ್ಯಾಯಮೂರ್ತಿ ಹೋಮ್ಸ್ ಕೊಟ್ಟ ಕಾರಣ ಏನು ಗೊತ್ತಾ? ಕಡ್ಡಾಯ ಲಸಿಕೆಗೆ ಆಧಾರವಾದ ತತ್ವ ಗರ್ಭನಾಳ ಕತ್ತರಿಸುವುದಕ್ಕೂ ಸಾಲುವಷ್ಟು ಅಗಲವಾಗಿದೆ ಅಂತ. ಅಲ್ಲಿ ಉಲ್ಲೇಖಿಸಿದ್ದು ಜೇಕಬ್‌ಸನ್ ತೀರ್ಪನ್ನೇ. ಆ ಕಾಲದ ಇಂಥ ಕಾನೂನುಗಳಲ್ಲಿ 60,000ಕ್ಕೂ ಹೆಚ್ಚು ಅಮೆರಿಕನ್ನರ ಮೇಲೆ ಈ ಆಪರೇಷನ್ ನಡೆಯಿತು. ಜೇಕಬ್‌ಸನ್ ಹೆಸರು ಹೇಳಿ ವಾದ ಮುಗಿಸುವವರಿಗೆ ನಾನು ಕ್ಯಾರಿ ಬಕ್ ಹೆಸರನ್ನೂ ಹೇಳುತ್ತೇನೆ. ಲಸಿಕೆ ಬೇಡ ಅನ್ನುವುದಕ್ಕಲ್ಲ. ಆರೋಗ್ಯದ ಹೆಸರಲ್ಲಿ ಕೊಟ್ಟ ಅಧಿಕಾರ ಎಲ್ಲಿಯ ತನಕ ಹರಿಯಬಹುದು ಅನ್ನುವ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೆ.

2022ರ ಜನವರಿ 13ರಂದು ಒಂದೇ ದಿನ ಎರಡು ತೀರ್ಪು ಬಂದವು. 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಲಸಿಕೆ ಇಲ್ಲವೇ ವಾರ ವಾರ ಟೆಸ್ಟ್ ಎಂಬ ಬೈಡನ್ ಸರ್ಕಾರದ ನಿಯಮ 6–3ರಲ್ಲಿ ಬಿತ್ತು. ಸುಮಾರು 8.4 ಕೋಟಿ ಕೆಲಸಗಾರರ ಮೇಲೆ ಬರುತ್ತಿದ್ದ ನಿಯಮ ಅದು. ಆದರೆ ಕೇಂದ್ರದ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಕಡ್ಡಾಯ ಎಂಬ ನಿಯಮ 5–4ರಲ್ಲಿ ಉಳಿಯಿತು. ಎರಡರಲ್ಲೂ ಕೋರ್ಟು ಕೇಳಿದ್ದು ಲಸಿಕೆ ಒಳ್ಳೆಯದಾ ಎಂದಲ್ಲ. ಈ ಇಲಾಖೆಗೆ ಇಷ್ಟು ಅಧಿಕಾರವನ್ನು ಸಂಸತ್ತು ಕೊಟ್ಟಿದೆಯಾ ಎಂದು. ಡಾಲಸ್‌ನಿಂದ ಬಂದ ಮೆಸೇಜಿನಲ್ಲಿ ಬರೀ ನಗುವ ಮುಖಗಳಿದ್ದವು.

ನಮ್ಮಲ್ಲೂ ಒಂದು ಇಂಥದ್ದೇ ತೀರ್ಪಿದೆ, ಹೆಸರೂ ಹತ್ತಿರದ್ದೇ: ಜೇಕಬ್ ಪುಲಿಯೆಲ್ ಪ್ರಕರಣ, 2022ರ ಮೇ 2. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸರ್ಕಾರ ಅಳತೆ ಮೀರದ ನಿರ್ಬಂಧ ಹಾಕಬಹುದು ಎಂದಿತು ನಮ್ಮ ಸುಪ್ರೀಂ ಕೋರ್ಟ್. ಅದಕ್ಕೂ ಮುಂಚೆ, 2021ರ ಡಿಸೆಂಬರ್‌ನಲ್ಲಿ ಕರ್ನಾಟಕದಲ್ಲಿ ಮಾಲ್‌ಗೆ, ಸಿನಿಮಾಗೆ ಹೋಗಲು ಎರಡು ಡೋಸ್ ಬೇಕು ಎಂಬ ನಿಯಮ ಬಂದಿತ್ತು. ನಾವು ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಫೋನಿನಲ್ಲಿ ಸರ್ಟಿಫಿಕೇಟ್ ತೋರಿಸಿ ಒಳಗೆ ಹೋದೆವು.

1918ರ ಫ್ಲೂ ಕಥೆ ಇನ್ನೊಂದು ಗಣಿ. ಎಲ್ಲರೂ ಹೇಳುವುದು ಫಿಲಡೆಲ್ಫಿಯಾ ಮತ್ತು ಸೇಂಟ್ ಲೂಯಿಸ್ ಕಥೆ. ಫಿಲಡೆಲ್ಫಿಯಾ ಸೆಪ್ಟೆಂಬರ್ 28ರಂದು ಯುದ್ಧದ ಸಾಲ ಎತ್ತಲು ಮೆರವಣಿಗೆ ಮಾಡಿತು, ಸುಮಾರು 2 ಲಕ್ಷ ಜನ ಸೇರಿದರು. ಆಮೇಲಿನ ಕೆಲವೇ ವಾರಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಸೇಂಟ್ ಲೂಯಿಸ್ ಅಕ್ಟೋಬರ್ ಮೊದಲ ವಾರದಲ್ಲೇ ಶಾಲೆ, ಚರ್ಚು, ಥಿಯೇಟರು ಮುಚ್ಚಿ ಬಚಾವಾಯಿತು. ಪಾಠ ಪುಸ್ತಕಕ್ಕೆ ಹೇಳಿ ಮಾಡಿಸಿದ ಕಥೆ. ಆದರೆ ಸೇಂಟ್ ಲೂಯಿಸ್ ನವೆಂಬರ್‌ನಲ್ಲಿ ನಿರ್ಬಂಧ ಸಡಿಲಿಸಿದ ಮೇಲೆ ರೋಗ ಮತ್ತೆ ಏರಿತು, ಮತ್ತೆ ಮುಚ್ಚಬೇಕಾಯಿತು. ನ್ಯೂಯಾರ್ಕ್ ಮತ್ತು ಶಿಕಾಗೋ ಆಗ ಶಾಲೆಗಳನ್ನು ಮುಚ್ಚಲೇ ಇಲ್ಲ! ಕಿಕ್ಕಿರಿದ ಮನೆಗಿಂತ ಶಾಲೆಯೇ ಮೇಲು, ಅಲ್ಲಿ ನರ್ಸು ನೋಡಿಕೊಳ್ಳುತ್ತಾಳೆ ಅನ್ನುವ ಲೆಕ್ಕ. 2020ರಲ್ಲಿ ಶಾಲೆ ತೆರೆಯಿರಿ ಅನ್ನುತ್ತಿದ್ದವರು ಈ ತುಂಡನ್ನು ಹಿಡಿದುಕೊಂಡರು, ನರ್ಸಿನ ವಿಷಯ ಬಿಟ್ಟು.

ಮಾಸ್ಕ್ ಜಗಳವೂ ಹೊಸದಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1919ರ ಜನವರಿಯಲ್ಲಿ ಎರಡನೇ ಸಲ ಮಾಸ್ಕ್ ಕಡ್ಡಾಯ ಮಾಡಿದಾಗ ಮಾಸ್ಕ್ ವಿರೋಧಿ ಕೂಟವೇ ಹುಟ್ಟಿತು, ಸಾವಿರಾರು ಜನ ಸಭೆ ಸೇರಿದರು, ಫೆಬ್ರವರಿ 1ಕ್ಕೆ ಆದೇಶ ಹೋಯಿತು. ಈ ಕಥೆ ಹೇಳಿ ‘ನೋಡಿ, ಮೂರ್ಖರು ಆಗಲೂ ಇದ್ದರು’ ಎಂದು ನಗುವವರು ಮರೆಯುವುದು ಏನೆಂದರೆ, ಅಂದಿನ ಮಾಸ್ಕ್ ತೆಳ್ಳನೆಯ ಬ್ಯಾಂಡೇಜ್ ಬಟ್ಟೆ. ಕ್ಯಾಲಿಫೋರ್ನಿಯಾದ ಆರೋಗ್ಯ ಅಧಿಕಾರಿ ಕೆಲಾಗ್ ಅವರೇ ಆಮೇಲೆ ಪರೀಕ್ಷೆ ಮಾಡಿ, ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಆಗಲಿಲ್ಲ ಎಂದು ಬರೆದರು. ಮಾಸ್ಕ್ ವಿರೋಧಿಗಳು ಇದನ್ನು ಓದಿ ಕುಣಿಯುವ ಮುಂಚೆ ಇವತ್ತಿನ ಎನ್95 ಆ ಬಟ್ಟೆಯಲ್ಲ ಎಂಬುದನ್ನೂ ನೋಡಬೇಕು.

ಅಂಕಿಗಳಲ್ಲೂ ಇದೇ ಆಟ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೋವಿಡ್ ಸಾವು 6,75,000 ದಾಟಿತು, 1918ರ ಫ್ಲೂವನ್ನು ಮೀರಿತು ಎಂಬ ಸುದ್ದಿ ಎಲ್ಲೆಲ್ಲೂ ಬಂತು. 1918ರಲ್ಲಿ ಅಮೆರಿಕದ ಜನಸಂಖ್ಯೆ 10 ಕೋಟಿ ಚಿಲ್ಲರೆ, 2021ರಲ್ಲಿ ಸುಮಾರು 33 ಕೋಟಿ. ತಲೆ ಲೆಕ್ಕದಲ್ಲಿ 1918 ಮೂರು ಪಟ್ಟು ಭೀಕರ, ಅದರಲ್ಲೂ ಸತ್ತವರಲ್ಲಿ ಗಟ್ಟಿಮುಟ್ಟಾದ ಪ್ರಾಯದವರೇ ತುಂಬಾ ಜನ. ಅತ್ತ ಟ್ರಂಪ್ 2020ರ ಆಗಸ್ಟ್‌ನಲ್ಲಿ ಆ ಫ್ಲೂವನ್ನು 1917ರದ್ದು ಅಂದರು, ಅದು ಎರಡನೇ ಮಹಾಯುದ್ಧವನ್ನೇ ಬಹುಶಃ ಮುಗಿಸಿತು ಅಂದರು. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಫಿಲಡೆಲ್ಫಿಯಾದ ಮೆರವಣಿಗೆ ನಮಗೆಲ್ಲ ಬಾಯಿಪಾಠ, ಅದೇ ಫ್ಲೂ ಭಾರತದಲ್ಲಿ 1 ಕೋಟಿಗೂ ಹೆಚ್ಚು ಜನರನ್ನು ತಿಂದಿದ್ದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಟಸ್ಕೀಗಿ ಬಗ್ಗೆ ಒಂದೇ ಮಾತು. 1932ರಿಂದ 1972ರವರೆಗೆ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆ ಅಲಬಾಮಾದಲ್ಲಿ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು, ಪೆನ್ಸಿಲಿನ್ ಬಂದ ಮೇಲೂ ಔಷಧ ಕೊಡದೆ ಸುಮ್ಮನೆ ನೋಡುತ್ತಾ ಕೂತಿತ್ತು. ಕೋವಿಡ್ ಕಾಲದಲ್ಲಿ ಇದನ್ನು ‘ಅವರಿಗೆ ರೋಗ ಚುಚ್ಚಿದರು, ನಿಮಗೂ ಚುಚ್ಚುತ್ತಾರೆ’ ಎಂದು ತಿರುಚಿ ಹಂಚಿದರು. ರೋಗ ಚುಚ್ಚಿರಲಿಲ್ಲ. ಪಾಪ ಆದದ್ದು ಔಷಧ ಕೊಡದೆ ಇದ್ದದ್ದರಿಂದ.

ಈ ಜಗಳದ ನಡುವೆ ನಮ್ಮ ಮಂಡ್ಯವೂ ಬರುತ್ತದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಆಗ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ. ನಮ್ಮ ಪತ್ರಿಕೆಗಳಲ್ಲಿ ಹೆಮ್ಮೆಯ ಸುದ್ದಿ ಎಷ್ಟು ಬಂತೋ, ಆಮೇಲಿನ ಕಥೆ ಅಷ್ಟು ಬರಲಿಲ್ಲ. 2021ರ ಜುಲೈನಲ್ಲಿ ಅವರು ಆರೋಗ್ಯದ ಬಗೆಗಿನ ಸುಳ್ಳು ಸುದ್ದಿ ಜೀವಕ್ಕೇ ಅಪಾಯ ಎಂದು ಎಚ್ಚರಿಕೆ ಹೊರಡಿಸಿದರು. ಮರುದಿನ ಅಧ್ಯಕ್ಷ ಬೈಡನ್ ಫೇಸ್‌ಬುಕ್ ಥರದ ಕಂಪನಿಗಳ ಬಗ್ಗೆ, ಅವರು ಜನರನ್ನು ಕೊಲ್ಲುತ್ತಿದ್ದಾರೆ ಅಂದುಬಿಟ್ಟರು. ಸರ್ಕಾರ ಈ ಕಂಪನಿಗಳ ಮೇಲೆ ಒಳಗಿಂದೊಳಗೆ ಒತ್ತಡ ಹಾಕಿ ನಮ್ಮ ಬಾಯಿ ಮುಚ್ಚಿಸಿತು ಎಂದು 2022ರಲ್ಲಿ ಮಿಸೌರಿ, ಲೂಸಿಯಾನಾ ರಾಜ್ಯಗಳೂ ಕೆಲವು ವ್ಯಕ್ತಿಗಳೂ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನಲ್ಲಿ ಆ ಕೇಸಿನ ಹೆಸರು ‘ಮೂರ್ತಿ ವರ್ಸಸ್ ಮಿಸೌರಿ’. ಎದುರು ಕಡೆಯವರಲ್ಲಿ ಒಬ್ಬರು ಕೋಲ್ಕತ್ತಾದಲ್ಲಿ ಹುಟ್ಟಿದ ಸ್ಟ್ಯಾನ್‌ಫರ್ಡ್ ಪ್ರೊಫೆಸರ್ ಜಯ್ ಭಟ್ಟಾಚಾರ್ಯ. ಎಲ್ಲರಿಗೂ ಲಾಕ್‌ಡೌನ್ ಬೇಡ, ಅಪಾಯ ಇರುವವರನ್ನು ಮಾತ್ರ ಕಾಪಾಡಿ ಎಂದು 2020ರ ಅಕ್ಟೋಬರ್‌ನಲ್ಲಿ ಹೇಳಿಕೆ ಬರೆದ ಮೂವರಲ್ಲಿ ಒಬ್ಬರು.

ಇಲ್ಲೂ ಎರಡು ಅರ್ಧಗಳು. ವೈರಸ್ ಮನುಷ್ಯರೇ ಮಾಡಿದ್ದು ಎನ್ನುವ ಪೋಸ್ಟುಗಳನ್ನು ಫೇಸ್‌ಬುಕ್ 2021ರ ಫೆಬ್ರವರಿಯಿಂದ ತೆಗೆದುಹಾಕುತ್ತಿತ್ತು, ಮೇ ಕೊನೆಗೆ ಆ ನಿಯಮವನ್ನೇ ಕೈಬಿಟ್ಟಿತು. ಅಂದರೆ ಇನ್ನೂ ತೀರ್ಮಾನ ಆಗದ ಪ್ರಶ್ನೆಯನ್ನು ಮುಗಿದಿದೆ ಎಂದು ಮುಚ್ಚಿಟ್ಟಿದ್ದರು. ಸರ್ಕಾರ ನಮ್ಮ ಮೇಲೆ ಒತ್ತಡ ಹಾಕಿದ್ದು ತಪ್ಪು ಎಂದು ಜುಕರ್‌ಬರ್ಗ್ 2024ರಲ್ಲಿ ಪತ್ರ ಬರೆದರು. ಅದೇ ಪತ್ರದಲ್ಲಿ ತೆಗೆಯುವ ತೀರ್ಮಾನ ನಮ್ಮದೇ ಆಗಿತ್ತು ಎಂದೂ ಬರೆದಿದ್ದಾರೆ. ಇದನ್ನು ಹಂಚಿದವರು ಎರಡನೇ ಸಾಲು ಬಿಟ್ಟರು. 2023ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಲೂಸಿಯಾನಾದ ನ್ಯಾಯಾಧೀಶರು ಸರ್ಕಾರಕ್ಕೆ ತಡೆ ಹಾಕಿದರು. ಆರೋಪ ನಿಜವಾದರೆ ಇದು ಅಮೆರಿಕದ ಇತಿಹಾಸದಲ್ಲೇ ಮಾತಿನ ಸ್ವಾತಂತ್ರ್ಯದ ಮೇಲೆ ನಡೆದ ಅತಿ ದೊಡ್ಡ ದಾಳಿ ಅನ್ನಬಹುದು ಎಂದು ಬರೆದರು. 2024ರ ಜೂನ್ 26ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ಆ ತಡೆಯನ್ನು ತೆಗೆಯಿತು. ಸರ್ಕಾರ ಮಾಡಿದ್ದು ಸರಿ ಅಂತಲ್ಲ. ನಿಮಗಾದ ನಷ್ಟಕ್ಕೆ ಸರ್ಕಾರವೇ ಕಾರಣ ಎಂದು ನೀವು ತೋರಿಸಿಲ್ಲ, ಹಾಗಾಗಿ ತಡೆ ಕೇಳುವ ಹಕ್ಕು ನಿಮಗಿಲ್ಲ ಅಂತ. ಮುಖ್ಯ ಪ್ರಶ್ನೆ ಹಾಗೇ ಉಳಿಯಿತು.

ಒಂದು ವರ್ಷದೊಳಗೆ ಕುರ್ಚಿಗಳು ಅದಲುಬದಲಾದವು. ಮೂರ್ತಿ ಮನೆಗೆ ಹೋದರು, ಭಟ್ಟಾಚಾರ್ಯ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಲಸಿಕೆಗಳನ್ನು ವರ್ಷಗಳಿಂದ ಅನುಮಾನಿಸುತ್ತಾ ಬಂದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಆರೋಗ್ಯ ಮಂತ್ರಿಯಾಗಿ, ಕೇಂದ್ರದ ಲಸಿಕೆ ಸಲಹಾ ಸಮಿತಿಯ 17 ಸದಸ್ಯರನ್ನೂ 2025ರ ಜೂನ್‌ನಲ್ಲಿ ತೆಗೆದುಹಾಕಿದರು. ಆಮೇಲೆ ಬಂತು ನೋಡಿ, ನನಗೆ ತುಂಬಾ ಇಷ್ಟವಾದ ದಿನ: 2025ರ ಸೆಪ್ಟೆಂಬರ್ 3. ಅವತ್ತು ಫ್ಲಾರಿಡಾದ ಆರೋಗ್ಯ ಮುಖ್ಯಸ್ಥರು ಶಾಲಾ ಮಕ್ಕಳಿಗಿರುವ ಎಲ್ಲ ಲಸಿಕೆ ಕಡ್ಡಾಯಗಳನ್ನೂ ತೆಗೆಯುತ್ತೇವೆ, ಇವೆಲ್ಲ ಗುಲಾಮಗಿರಿ ಎಂದರು. ಗುಲಾಮ ಒನೆಸಿಮಸ್ ಬಾಸ್ಟನ್‌ಗೆ ಹೇಳಿಕೊಟ್ಟ ವಿದ್ಯೆಯ ಮುಂದಿನ ಕೊಂಡಿಯ ಬಗ್ಗೆ ಈ ಮಾತು. ಅದೇ ದಿನ ಕ್ಯಾಲಿಫೋರ್ನಿಯಾ, ಓರೆಗಾನ್, ವಾಷಿಂಗ್ಟನ್ ರಾಜ್ಯಗಳು ಕೇಂದ್ರದ ಮಾತು ನಂಬುವ ಹಾಗಿಲ್ಲ, ಲಸಿಕೆ ಸಲಹೆ ನಾವೇ ಕೊಡುತ್ತೇವೆ ಎಂದು ಕೂಟ ಕಟ್ಟಿದವು. 2021ರಲ್ಲಿ ‘ವಾಷಿಂಗ್ಟನ್‌ನಲ್ಲಿ ಕೂತವರು ಯಾರು’ ಎಂದು ಕೇಳುತ್ತಿದ್ದವರು ಒಂದು ಕಡೆಯವರು, 2025ರಲ್ಲಿ ಕೇಳಿದವರು ಇನ್ನೊಂದು ಕಡೆಯವರು. ಎರಡೂ ಗುಂಪಿನ ಕೈಯಲ್ಲಿರುವುದು ಅದೇ ರಾಜ್ಯದ ಅಧಿಕಾರ, ಜೇಕಬ್‌ಸನ್ ತೀರ್ಪಿನದ್ದು. ಹಾಕಿಸು ಅನ್ನುವ ಅಧಿಕಾರ ಇದ್ದವರಿಗೆ ಬೇಡ ಅನ್ನುವುದಕ್ಕೂ ಇರುತ್ತದಲ್ಲ.

2025ರ ಜನವರಿಯಿಂದ ಆಗಸ್ಟ್‌ವರೆಗೆ ಪಶ್ಚಿಮ ಟೆಕ್ಸಾಸ್‌ನಲ್ಲಿ ದಡಾರ ಹಬ್ಬಿತ್ತು. 762 ಜನಕ್ಕೆ ಬಂತು, ಇಬ್ಬರು ಮಕ್ಕಳು ತೀರಿಕೊಂಡರು. ಇಬ್ಬರಿಗೂ ಲಸಿಕೆ ಹಾಕಿಸಿರಲಿಲ್ಲ. ಡಾಲಸ್‌ನ ನಮ್ಮ ಹುಡುಗನ ಎರಡನೇ ಮಗುವಿಗೆ ಆಗ ಎಂಟು ತಿಂಗಳು, ಮಾಮೂಲಿ ಲೆಕ್ಕದಲ್ಲಿ ದಡಾರದ ಮೊದಲ ಡೋಸಿಗೆ ಒಂದು ವರ್ಷ ತುಂಬಬೇಕು. ದೊಡ್ಡವಳು ಶಾಲೆಯಿಂದ ಏನಾದರೂ ಹೊತ್ತು ತಂದರೆ ಎಂದು ಅವನಿಗೆ ಭಯ. ಅವಳ ಕ್ಲಾಸಿನಲ್ಲಿ ಎಷ್ಟು ಮಕ್ಕಳು ವಿನಾಯಿತಿ ಪತ್ರ ಕೊಟ್ಟಿದ್ದಾರೆ ಎಂದು ಶಾಲೆಯಲ್ಲಿ ಕೇಳಿದನಂತೆ. ಅದನ್ನೆಲ್ಲ ಹೇಳುವಂತಿಲ್ಲ ಅಂದರಂತೆ. ರಾತ್ರಿ ಫೋನ್ ಮಾಡಿ ಸುಮಾರು ಹೊತ್ತು ಬೈದ. ಆಮೇಲೆ ಕೇಳಿದ, “ಇದನ್ನ ಅವರಿಗೆ ಹೇಳೋಕೆ ಯಾರಿಗೆ ಅಧಿಕಾರ ಇದೆ ಭಾವ?”